ಲೆಕ್ಕಕ್ಕೆ ಬಾರದ ಎರಡು ಚುಕ್ಕಿ

ಮಾರ್ಚ್ 19, 2026, ಗುರುವಾರ

ಯುಗಾದಿ. ನಮಗೆ ಈ ವರ್ಷ ಹಬ್ಬವಿಲ್ಲ. ಬೆಳಿಗ್ಗೆ ಎದ್ದವಳು ಅಭ್ಯಾಸಕ್ಕೆ ಬೇವು ಬೆಲ್ಲದ ಬಟ್ಟಲು ತೆಗೆದು, ನೆನಪಾಗಿ ಮತ್ತೆ ಒಳಗಿಟ್ಟೆ.

ಮಗಳು ಗಾರ್ಗಿ ಅಕ್ಸ್‌ಬ್ರಿಡ್ಜಿನ ಆಫೀಸಿಗೆ ಹೋದ ಮೇಲೆ ಮೈಸೂರಿನಿಂದ ಕೃಷ್ಣಪ್ರಸಾದ ಭಾವ ಫೋನ್ ಮಾಡಿದ್ದರು. ನಮ್ಮ ಯಜಮಾನರ ಅಣ್ಣ. ಹೊಸ ಪಂಚಾಂಗ ಕೈಗೆ ಬಂದಿದೆ ಎಂದರು. ಈ ವರ್ಷ ಅಧಿಕ ಜ್ಯೇಷ್ಠ ಬರುವುದರಿಂದ ಇವರ ವರ್ಷಾಬ್ದಿಕ ಆಗಸ್ಟ್ ಕೊನೆಗೆ ಹೋಗುತ್ತದೆ.

"ಶ್ರಾವಣ ಬಹುಳ ಚೌತಿ. ಆಗಸ್ಟ್ ಮೂವತ್ತೊಂದು, ಸೋಮವಾರ ಬರತ್ತೆ. ಶ್ರೀರಂಗಪಟ್ಟಣದಲ್ಲಿ ನಮ್ಮ ಹುಡುಗ ವಿನಾಯಕನ ಕೈಲಿ ಮಾಡಿಸ್ತೀನಿ. ನೀನು ಅಲ್ಲಿ ಒಂದು ಎಲೆ ಇಡು, ಸಾಕು. ನಮ್ಮ ತಿರುಮಲೇಶ ಅಂಗಾರಕ ಸಂಕಷ್ಟಿ ದಿನ ಹೋದ. ಎಷ್ಟು ಜನಕ್ಕೆ ಸಿಗತ್ತಮ್ಮ ಅಂಥ ದಿನ? ಇಲ್ಲಿ ಎಲ್ಲರೂ ಅದನ್ನೇ ಹೇಳ್ತಾರೆ."

ಹಾಗೇ ಆಗಲಿ ಅಂದೆ.

ಫೋನ್ ಇಟ್ಟ ಮೇಲೆ ಗೋಡೆಯ ಮೇಲಿನ ಹಳೆಯ ಮೈಸೂರು ಕ್ಯಾಲೆಂಡರ್ ತಿರುಗಿಸಿ ಹೋದ ವರ್ಷದ ಆಗಸ್ಟ್ ನೋಡಿದೆ. ಹನ್ನೆರಡು, ಮಂಗಳವಾರ. ಚೌತಿ ಶುರುವಾದದ್ದು ಅಲ್ಲಿಯ ಬೆಳಿಗ್ಗೆ ಎಂಟು ನಲವತ್ತಕ್ಕೆ. ಅಂದರೆ ಇಲ್ಲಿ ನಾಲ್ಕು ಹತ್ತು. ಚಂದ್ರ ಒಬ್ಬನೇ ಆದ್ದರಿಂದ ತಿಥಿ ತಿರುಗುವ ಗಳಿಗೆ ಎಲ್ಲರಿಗೂ ಒಂದೇ, ಗಡಿಯಾರ ಮಾತ್ರ ಬೇರೆ ಎಂದು ಇವರೇ ಹೇಳಿಕೊಟ್ಟಿದ್ದರು. ಭಾವನಿಗೆ ಗಾರ್ಗಿ ಫೋನ್ ಮಾಡಿದಾಗ ಅಲ್ಲಿ ಹತ್ತಾಗುತ್ತ ಬಂದಿತ್ತು. ಅವರು ಪಂಚಾಂಗ ತೆರೆದು ಆ ಹೊತ್ತಿನ ತಿಥಿ ನೋಡಿದರು. ಆದರೆ ನಾವು ಫೋನ್ ಮಾಡಿದ್ದು ಇವರು ಹೋದ ಕೂಡಲೇ ಅಲ್ಲ. ನರ್ಸ್ ಬಂದು, ಡಾಕ್ಟರು ಬಂದು ನೋಡಿ, ಗಾರ್ಗಿ ಟ್ಯಾಕ್ಸಿಯಲ್ಲಿ ಬಂದು, ಅತ್ತು, ಆಮೇಲೆ. ಆಸ್ಪತ್ರೆಯವರೂ ಡಾಕ್ಟರು ನೋಡಿದ ಹೊತ್ತನ್ನೇ ಬರೆದುಕೊಂಡಿದ್ದಾರೆ.

ನನ್ನ ಮನಸ್ಸು ತದಿಗೆ ಎನ್ನುತ್ತದೆ. ಆಗ ಪಕ್ಕದಲ್ಲಿದ್ದವಳು ನಾನೊಬ್ಬಳೇ. ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಏಪ್ರಿಲ್ 11, ಶನಿವಾರ

ಮಧ್ಯಾಹ್ನ ಎರಡು ಮಹಡಿ ಕೆಳಗಿನ ಕೆಸ್ಲರ್ ಬಾಗಿಲು ತಟ್ಟಿದರು. ಎಂಬತ್ತೈದರ ಮುದುಕರು, ಹಿಂದೆ ಪ್ರೆಸ್ಟನ್ ರೋಡಿನಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದವರು. ನಮ್ಮ ಯಜಮಾನರು ತೀರಿಕೊಂಡ ವಾರ ಒಂದು ದಿನ ಬಂದು, ಒಂದು ಮಾತೂ ಆಡದೆ ಗಂಟೆಗಟ್ಟಲೆ ಕೂತು ಹೋಗಿದ್ದರು. ಇದೇನು ಮನುಷ್ಯ ಅನ್ನಿಸಿತ್ತು. ಯಹೂದಿಗಳಲ್ಲಿ ಸಾವಾದ ಮನೆಗೆ ಹೋದವರು ಮನೆಯವರು ಬಾಯಿ ಬಿಡುವ ತನಕ ತಾವಾಗಿ ಮಾತಾಡಬಾರದಂತೆ. ನಾನು ಬಾಯಿ ಬಿಟ್ಟಿರಲಿಲ್ಲ.

"ನನ್ನ ಅಡುಗೆಮನೆ ಇವತ್ತು ತುಂಬ ಬೆಳಕಾಗಿದೆ, ಮಿಸೆಸ್ ವೈದೇಹಿ," ಎಂದರು. ಅಷ್ಟೇ. ಶನಿವಾರ ಅವರ ವ್ರತದ ದಿನ, ಸ್ವಿಚ್ ಮುಟ್ಟುವ ಹಾಗಿಲ್ಲ, ಮುಟ್ಟು ಎಂದು ನೇರವಾಗಿ ನನಗೆ ಹೇಳುವ ಹಾಗೂ ಇಲ್ಲ. ಮಡಿಯಲ್ಲಿದ್ದಾಗ ನಮ್ಮತ್ತೆ 'ಆ ಕೊಡ ಯಾಕೋ ಅಲ್ಲೇ ಕೂತಿದೆ' ಅನ್ನುತ್ತಿದ್ದ ಹಾಗೆ. ಇಳಿದು ಹೋಗಿ ದೀಪ ಆರಿಸಿ ಬಂದೆ.

ಕತ್ತಲಾಗುತ್ತ ಬಂದಾಗ ಥ್ಯಾಂಕ್ಸ್ ಹೇಳಲು ಮತ್ತೆ ಬಂದರು. ಶನಿವಾರ ಮುಗಿಯಿತು ಎಂದು ಹೇಗೆ ತಿಳಿಯುತ್ತದೆ ಎಂದು ಕೇಳಿದೆ. ಅವರ ದೇವಸ್ಥಾನದವರು ಸಮಯ ಅಚ್ಚು ಹಾಕಿಸಿ ಕೊಡುತ್ತಾರಂತೆ, ಆದರೆ ಕೆಸ್ಲರ್‌ಗೆ ಹಳೆಯ ಪದ್ಧತಿಯೇ ಇಷ್ಟ. ಆಕಾಶದಲ್ಲಿ ಮೂರು ನಕ್ಷತ್ರ ಕಂಡರೆ ಆ ದಿನ ಮುಗಿದು ಮುಂದಿನ ದಿನ ಹುಟ್ಟಿತು ಎಂದು ಲೆಕ್ಕ.

ನನ್ನ ಅಡುಗೆಮನೆಯ ಕಿಟಕಿಯಲ್ಲಿ ಹ್ಯಾರೋ ಗುಡ್ಡದ ಕಡೆ ಒಂದು ಚುಕ್ಕಿ ಹೊಳೆಯುತ್ತಿತ್ತು, ಅದರಿಂದ ಬಹಳ ಮೇಲೆ ಇನ್ನೊಂದು. "ಆಗಲೇ ಎರಡು ಬಂದಿವೆ," ಎಂದೆ.

"ಅವು ಲೆಕ್ಕಕ್ಕಿಲ್ಲ. ಅವು ಗ್ರಹಗಳು. ಕೆಳಗಿರುವುದು ನೋಗಾ, ನಿಮ್ಮ ಶುಕ್ರ. ಮೇಲಿನದು ತ್ಸೆದೆಕ್, ಧರ್ಮ ಎಂದು ಅರ್ಥ. ನಿಮ್ಮಲ್ಲಿ ಏನನ್ನುತ್ತೀರಿ?"

"ಗುರು."

"ಅವು ಹಗಲು ಆರುವ ಮುಂಚೆಯೇ ಬಂದು ನಿಲ್ಲುತ್ತವೆ. ಅವನ್ನು ನಂಬಿ ರಾತ್ರಿಯಾಯಿತು ಎನ್ನಬಾರದು. ಈ ಮಾತಿಗೇ ನಾನು ಇಪ್ಪತ್ನಾಲ್ಕು ವರ್ಷ ಜಗಳ ಕಾದಿದ್ದೇನೆ."

ಆಮೇಲೆ ಹೇಳಿದ್ದು ಇದು. ಅವರ ಹೆಂಡತಿ ರೂತ್ 2002ರ ಜೂನ್ ಮೂರರಂದು ಮುಸ್ಸಂಜೆ ಮನೆಯಲ್ಲೇ ತೀರಿಕೊಂಡರು. ರಾಣಿಯ ಜ್ಯೂಬಿಲಿಯ ರಜೆ, ಬೀದಿಯಲ್ಲಿ ಜನ ಹಾಡುತ್ತಿದ್ದರಂತೆ. ಕೆಸ್ಲರ್ ಕಿಟಕಿಯತ್ತ ನೋಡಿದಾಗ ಶುಕ್ರ, ಗುರು ಎರಡೂ ಪಕ್ಕಪಕ್ಕ ನಿಂತಿದ್ದವು. ಚುಕ್ಕಿ ಬಂದಿವೆ, ರಾತ್ರಿಯಾಗಿದೆ ಎಂದುಕೊಂಡರು. ರಾತ್ರಿಯಾಗಿದ್ದರೆ ರೂತ್ ಹೋದದ್ದು ಅವರ ಸೀವಾನ್ ತಿಂಗಳ ಇಪ್ಪತ್ನಾಲ್ಕು. ಹಗಲು ಉಳಿದಿದ್ದರೆ ಇಪ್ಪತ್ಮೂರು. ಅವರಿಗೂ ನಮ್ಮ ಹಾಗೆ ಸತ್ತ ದಿನ ಚಂದ್ರನ ತಿಂಗಳಿನ ಪ್ರಕಾರವೇ. ಆ ದಿನ ಗಾಜಿನ ಲೋಟದಲ್ಲಿ ಮೇಣದ ದೀಪ ಹಚ್ಚಬೇಕು. ಅವರ ಧರ್ಮಗುರುಗಳೂ ರೂತಳ ತಂಗಿ ಎಸ್ತರಳೂ ಇಪ್ಪತ್ಮೂರು ಎಂದರು, ಕೆಸ್ಲರ್ ಇಪ್ಪತ್ನಾಲ್ಕು ಎಂದರು. ಅಂದಿನಿಂದ ವರ್ಷ ವರ್ಷವೂ ಎರಡು ದಿನ ಎರಡು ದೀಪ.

"ನಮ್ಮಲ್ಲೂ ಅಂಥದೇ ಒಂದಿದೆ," ಎಂದೆ. ಯಾಕೆ ಹೇಳಿದೆನೋ. ನಮ್ಮ ಯಜಮಾನರ ವಿಷಯ ಪೂರ್ತಿ ಹೇಳಿಬಿಟ್ಟೆ.

ಮೇ 17, ಭಾನುವಾರ

ಇವತ್ತಿನಿಂದ ಅಧಿಕ ಮಾಸ. ಕೆಸ್ಲರ್‌ಗೆ ಹೇಳಿದರೆ ನಕ್ಕರು. ಅವರಿಗೂ ಹತ್ತೊಂಬತ್ತು ವರ್ಷದೊಳಗೆ ಏಳು ಸಲ ಒಂದು ತಿಂಗಳು ಹೆಚ್ಚಿಗೆ ಬರುತ್ತದಂತೆ, ಮುಂದಿನ ವರ್ಷ ಇದೆಯಂತೆ. ಹೆಚ್ಚಿಗೆ ತಿಂಗಳಲ್ಲಿ ಸತ್ತವರ ದಿನವನ್ನು ಯಾವಾಗ ಮಾಡಬೇಕು ಎಂದು ಅವರಲ್ಲೂ ಎರಡು ಪಕ್ಷ, ಎರಡಕ್ಕೂ ಊಟದ ಮೇಜಿನಲ್ಲಿ ಜಗಳ.

ಅವರು ಗ್ರಹಗಳು ಕೂಡುವುದನ್ನು ಚಿಕ್ಕಂದಿನಿಂದ ಲೆಕ್ಕ ಇಡುತ್ತ ಬಂದವರು. ಗುರು, ಶನಿ ಇಪ್ಪತ್ತು ವರ್ಷಕ್ಕೊಮ್ಮೆ ಸೇರುತ್ತವೆ. ಆಗ ಲೋಕದಲ್ಲಿ ದೊಡ್ಡದೇನೋ ಆಗುತ್ತದೆ, ಉದ್ಧಾರ ಮಾಡುವವನು ಬರುತ್ತಾನೆ ಎಂದು ಅವರ ಹಿಂದಿನ ಕೆಲವು ಪಂಡಿತರು ಬರೆದಿಟ್ಟಿದ್ದಾರಂತೆ. ಗ್ರಹಕ್ಕೂ ನಮಗೂ ಸಂಬಂಧವಿಲ್ಲ ಎಂದವರೂ ಅವರಲ್ಲೇ ಇದ್ದಾರಂತೆ.

"ನಿಮಗೆ ಯಾವುದು ನಿಜ?" ಎಂದೆ.

"ನಾನು ಹೊಟ್ಟೆಯಲ್ಲಿದ್ದಾಗ ಅವೆರಡೂ ಒಂದು ಸಲ ಅಲ್ಲ, ಮೂರು ಸಲ ಕೂಡಿದವು. ನಲವತ್ತು, ನಲವತ್ತೊಂದರಲ್ಲಿ. ನಮ್ಮ ಬೀದಿಯ ಮುದುಕರೆಲ್ಲ ಬರುತ್ತಾನೆ, ಬರುತ್ತಾನೆ ಎಂದರಂತೆ. ಬಂದದ್ದು ಬಾಂಬು. ನಮ್ಮಮ್ಮ ನನ್ನನ್ನು ಹೊತ್ತುಕೊಂಡು ಟ್ಯೂಬ್ ಸ್ಟೇಷನ್ನಿನ ಪ್ಲಾಟ್‌ಫಾರಮ್ಮಿನಲ್ಲಿ ಮಲಗುತ್ತಿದ್ದಳು. ದೊಡ್ಡ ಅರ್ಥಗಳು ನನಗೆ ಬೇಡ, ಮಿಸೆಸ್ ವೈದೇಹಿ. ಒಂದು ಸಣ್ಣದು ಇದ್ದರೆ ಸಾಕು."

ಆ ಸಣ್ಣದು ಇದು. ಶುಕ್ರ, ಗುರು ಇಪ್ಪತ್ನಾಲ್ಕು ವರ್ಷಕ್ಕೆ ಸುಮಾರು ಅದೇ ಕಾಲಕ್ಕೆ, ಆಕಾಶದ ಅದೇ ಕಡೆಯಲ್ಲಿ ಮತ್ತೆ ಸೇರುತ್ತವೆ. ಈ ಜೂನ್ ಒಂಬತ್ತರ ಸಂಜೆ ಹಾಗೆ ಬರುತ್ತವೆ. ಆವತ್ತು ಸೀವಾನ್ ಇಪ್ಪತ್ನಾಲ್ಕೇ.

"ನನ್ನ ದಿನಕ್ಕೇ ಬರುತ್ತಿವೆ. ಸಾಕ್ಷಿ ಹೇಳಲು," ಎಂದರು. ರೂತ್ ಹೋದಾಗ ಎರಡು ಚುಕ್ಕಿ ಹ್ಯಾರೋ ಚರ್ಚಿನ ಗೋಪುರದ ಎಡಕ್ಕೆ, ಅಂಗೈಯಷ್ಟು ಮೇಲಿದ್ದವು. ಮತ್ತೆ ಅಲ್ಲಿಗೆ ಬಂದಾಗ ಆಕಾಶದಲ್ಲಿ ಬೇರೆ ನಕ್ಷತ್ರಗಳಿವೆಯೇ ಎಂದು ನೋಡಿದರೆ ಆಯಿತು. ಅವರ ಕಿಟಕಿಗೆ ಈಗ ಮರ ಅಡ್ಡ ಬೆಳೆದಿದೆ, ಕಡಿಯಲು ಕೌನ್ಸಿಲ್ ಬಿಡುವುದಿಲ್ಲ. ನನ್ನ ಕಿಟಕಿ ಬೇಕು.

ಹಾಗೇ ಆಗಲಿ ಅಂದೆ.

ರಾತ್ರಿ ಊಟಕ್ಕೆ ಕೂತಾಗ ಗಾರ್ಗಿಯ ಹತ್ತಿರ ತಿಥಿಯ ಮಾತು ತೆಗೆದೆ. "ಅಮ್ಮ, does it matter? ಒಂದು ದಿನ ಆಚೆ ಈಚೆ. Monday ಬ್ಯಾಂಕ್ ಹಾಲಿಡೇ, ನಾನೂ ಮನೇಲಿರ್ತೀನಿ. ದೊಡ್ಡಪ್ಪನೂ ಹ್ಯಾಪಿ," ಎಂದಳು. ತಟ್ಟೆ ತೊಳೆದು ಮಲಗಿದೆ.

ಜೂನ್ 8, ಸೋಮವಾರ

ನಾನು ಕೆಲಸ ಮಾಡುವ ಶಾಲೆಯಲ್ಲಿ ಮಕ್ಕಳಿಗೆ ಊಟ ಬಡಿಸಿ ಬರುವಾಗ ಕೆಸ್ಲರ್ ಮನೆಗೆ ಬಾಳೆಹಣ್ಣು ಕೊಟ್ಟೆ. ಮೇಜಿನ ಮೇಲೆ ಇಪ್ಪತ್ಮೂರರ ದೀಪ ಉರಿಯುತ್ತಿತ್ತು. ಎರಡನೆಯ ಲೋಟ ಪಕ್ಕದಲ್ಲಿ ತಯಾರಾಗಿತ್ತು, ಇವತ್ತು ಸಂಜೆಗೆ. ಆ ಮೊದಲನೆಯದನ್ನು ಎಸ್ತರಳ ಸಲುವಾಗಿ ಹಚ್ಚುತ್ತೇನೆ ಎಂದರು. ಎಸ್ತರ್ ಮ್ಯಾಂಚೆಸ್ಟರಿನಲ್ಲಿದ್ದಾಳೆ, ಅವಳಿಗೆ ಈ ದೀಪ ಕಾಣುವುದೂ ಇಲ್ಲ.

ಮೋಡ ಇದೆ. ನಾಳೆ ಹೇಗೋ.

ಜೂನ್ 9, ಮಂಗಳವಾರ

ಮೋಡ ಸಂಜೆಗೆ ಬಿಟ್ಟಿತು.

ಲಿಫ್ಟ್ ಕೆಟ್ಟಿತ್ತು. ನಾನು ಒಂದು ಕಡೆ, ಗಾರ್ಗಿ ಒಂದು ಕಡೆ ಹಿಡಿದು ಅವರನ್ನು ಹತ್ತಿಸಿಕೊಂಡು ಬಂದೆವು. ನಮ್ಮ ಮನೆಯ ಪಾತ್ರೆ ಅವರಿಗೆ ನಡೆಯುವುದಿಲ್ಲ, ತಮ್ಮದೇ ಗಾಜಿನ ಲೋಟ ಕೋಟಿನ ಜೇಬಿನಲ್ಲಿ ತಂದಿದ್ದರು. ಹಾಲಿಲ್ಲದ ಟೀ ಬಗ್ಗಿಸಿ ಕೊಟ್ಟೆ. ನಮ್ಮತ್ತೆ ಕೆಸ್ಲರನ್ನು ನೋಡಿದ್ದರೆ ಪಾಸು ಮಾಡುತ್ತಿದ್ದರು.

"Mr Kessler, ಇದಕ್ಕೆ ಆ್ಯಪ್ ಇದೆ," ಎಂದು ಗಾರ್ಗಿ ಫೋನ್ ತೋರಿಸಿದಳು. "ತಾರೀಖು, ಟೈಮ್ ಹಾಕಿ ಆಕಾಶಕ್ಕೆ ಹಿಡಿದರೆ ಆವತ್ತಿನ ಆಕಾಶನೇ ತೋರಿಸತ್ತೆ. 2002 ಹಾಕ್ಲಾ?"

"ನಿನ್ನ ಫೋನು ರೂತಳನ್ನು ನೋಡಿರಲಿಲ್ಲ, ಮಗಳೇ."

ಸೂರ್ಯ ಮುಳುಗಿದ್ದು ಒಂಬತ್ತು ದಾಟಿದ ಮೇಲೆ. ಮೊದಲು ಶುಕ್ರ ಕಂಡ. ಸ್ವಲ್ಪ ಹೊತ್ತಿಗೆ ಅವನ ಪಕ್ಕದಲ್ಲಿ ಗುರು. ಎರಡೂ ನಿಧಾನ ಇಳಿಯುತ್ತ ಗೋಪುರದ ಎಡಕ್ಕೆ ಬಂದವು. ಕೆಸ್ಲರ್ ಕೈ ಚಾಚಿ ಅಂಗೈ ಅಡ್ಡ ಹಿಡಿದರು. ನಾನು ಮೊಣಕೈ ಕೆಳಗೆ ಆಧಾರ ಕೊಟ್ಟೆ.

"ಇಲ್ಲೇ. ಇಲ್ಲೇ ಇದ್ದವು. ಗಾರ್ಗಿ, ನಿನ್ನದು ಎಳೆಯ ಕಣ್ಣು. ನೋಡು. ಬೇರೆ ಎಷ್ಟಿವೆ?"

ಗಾರ್ಗಿ ಈ ಕಿಟಕಿ ನೋಡಿದಳು, ಮಲಗುವ ಕೋಣೆಯ ಕಿಟಕಿಗೆ ಓಡಿ ಹೋಗಿ ನೋಡಿದಳು, ಮೆಟ್ಟಿಲ ಕಿಟಕಿಗೂ ಹೋಗಿ ಬಂದಳು. ಆಕಾಶ ಇನ್ನೂ ನೀಲಿಯಾಗಿತ್ತು. ಕೆಳಗಿನ ಕಾರುಗಳ ಬಣ್ಣ ಒಂದೊಂದೂ ಬೇರೆಬೇರೆ ಕಾಣುತ್ತಿತ್ತು.

"ಒಂದೂ ಇಲ್ಲ," ಎಂದಳು.

ಅವರು ಕೈ ಇಳಿಸಲಿಲ್ಲ. ಬಹಳ ಹೊತ್ತಾದ ಮೇಲೆ ಗಾರ್ಗಿ ನೆತ್ತಿಯ ಮೇಲೊಂದನ್ನು ಕಂಡು ಹಿಡಿದಳು. ಅಷ್ಟರಲ್ಲಿ ಎರಡೂ ಗ್ರಹ ಗೋಪುರಕ್ಕಿಂತ ಕೆಳಗೆ ಇಳಿದಿದ್ದವು.

"ಇಪ್ಪತ್ಮೂರು," ಎಂದರು ಕೆಸ್ಲರ್. "ಸಾಕ್ಷಿ ನನ್ನ ವಿರುದ್ಧ ನುಡಿಯಿತು." ಟೀ ಗುಟುಕರಿಸಿದರು. ಆರಿ ತಣ್ಣಗಾಗಿತ್ತು. "ಅಲ್ಲಿ ಇಲ್ಲದವರು ಸರಿ ಹೇಳಿದ್ದರು. ಅಲ್ಲೇ ಇದ್ದ ನಾನು ತಪ್ಪು ಹೇಳಿದೆ."

"ಇಪ್ಪತ್ನಾಲ್ಕೇ ಆಗಲಿ ಅಂತ ಯಾಕಿತ್ತು ನಿಮಗೆ?" ಎಂದು ಕೇಳಿದೆ.

"ಒಂದು ದಿನ ಹೆಚ್ಚಿಗೆ ಬದುಕಿದಳು ಅಂತ ಆಗುತ್ತಿತ್ತಲ್ಲ."

ಹೋಗುವಾಗ ಮೆಟ್ಟಿಲ ಮೇಲೆ ನಿಂತು, ನಾಳೆ ಎಸ್ತರಳಿಗೆ ಫೋನ್ ಮಾಡಬೇಕು, ಇಪ್ಪತ್ನಾಲ್ಕು ವರ್ಷದ 'ನಾನು ಹೇಳಿರಲಿಲ್ಲವೇ' ಒಟ್ಟಿಗೆ ಕೇಳಿಸಿಕೊಳ್ಳಬೇಕು ಎಂದು ನಕ್ಕರು. ಅಳುತ್ತಿರಲಿಲ್ಲ. ಹತ್ತುವಾಗಿನದಕ್ಕಿಂತ ಇಳಿಯುವಾಗ ಹಗುರಾಗಿದ್ದರು.

ಜೂನ್ 10

ನಿದ್ದೆ ಬರಲಿಲ್ಲ. ಭಾವನೂ ಹಾಗೇ ಸರಿಯಿದ್ದರೆ?

ನಾನು ಪಕ್ಕದಲ್ಲಿದ್ದೆ ಎನ್ನುವುದು ಸಾಲದು. ಕೆಸ್ಲರ್ ಕೂಡ ಪಕ್ಕದಲ್ಲೇ ಇದ್ದರು. ತಿಳಿದುಕೊಳ್ಳಬೇಕು. ಚೌತಿಯಾದರೆ ಚೌತಿ.

ಆ ಬೆಳಗಿನ ಜಾವವೂ ಇವೇ ಎರಡು ಇದ್ದವು. ನೆನಪಿದೆ. ಇವರ ಉಸಿರಿಗೂ ಉಸಿರಿಗೂ ನಡುವೆ ಹೊತ್ತು ಹೆಚ್ಚುತ್ತ ಹೋಗಿ, ಒಂದು ಸಲ ಮುಂದಿನದು ಬರಲೇ ಇಲ್ಲ. ಕಾದೆ. ತಲೆ ಎತ್ತಿದಾಗ ಕಿಟಕಿಯ ಆಚೆ ಬಾಯ್ಲರ್ ಮನೆಯ ಹೊಗೆಕೊಳವೆಯ ತುದಿಯನ್ನು ಆಗತಾನೆ ಬಿಟ್ಟು ಎರಡು ಚುಕ್ಕಿ, ಒಂದಕ್ಕೊಂದು ಒರಗಿದ ಹಾಗೆ. ಎಷ್ಟು ಚೆನ್ನಾಗಿದೆ, ಇವರಿಗೆ ತೋರಿಸೋಣ ಎಂದು ತಿರುಗಿದೆ.

ಜೂನ್ 14, ಭಾನುವಾರ

ಗಾರ್ಗಿಗೆ ಹೇಳಿದೆ, ಆಸ್ಪತ್ರೆಗೆ ಹೋಗಬೇಕು, ಆ ವಾರ್ಡಿಗೆ, ಆ ಕಿಟಕಿಗೆ, ನಿನ್ನ ಆ್ಯಪ್ ತೆಗೆದುಕೊಂಡು.

"ಅಮ್ಮ, are you serious? ವಾರ್ಡ್ ಒಳಗೆ ಯಾರು ಬಿಡ್ತಾರೆ?"

"ಸಿಸ್ಟರ್ ಪ್ರಾಚಿ ಬಿಡ್ತಾಳೆ. ಕೇಳು."

"ನೀನೇ ಕೇಳು."

ಕೇಳಿದೆ.

ಜೂನ್ 28, ಭಾನುವಾರ

ಪ್ರಾಚಿ ಆ ವಾರ್ಡಿನ ಸಿಸ್ಟರ್, ಪುಣೆಯ ಕಡೆಯವಳು. ಇವರು ಅದೇ ಆಸ್ಪತ್ರೆಯ ಲ್ಯಾಬಿನಲ್ಲಿ ವರ್ಷಗಟ್ಟಲೆ ಇದ್ದವರಾದ್ದರಿಂದ ಅಂಕಲ್ ಎನ್ನುತ್ತಿದ್ದಳು. "ಐದು ನಿಮಿಷ ಆಂಟಿ, ಮಿಸೆಸ್ ಡೂಲಿ ಒಪ್ಪಿದರೆ," ಎಂದಳು. ಆ ಮಂಚದಲ್ಲಿ ಈಗ ಮಿಸೆಸ್ ಡೂಲಿ ಎಂಬ ಐರಿಶ್ ಅಜ್ಜಿ ಇದ್ದರು.

"ಕಿಟಕಿ ಒರೆಸೋರಾ?" ಎಂದರು ಅಜ್ಜಿ.

"ಅಲ್ಲ, ನಮ್ಮ ಯಜಮಾನರು ಇಲ್ಲಿ..." ಎಂದು ನಿಲ್ಲಿಸಿದೆ. ಆ ಮಂಚದ ಮೇಲೆ ಮಲಗಿದವರಿಗೆ ಅದನ್ನು ಹೇಗೆ ಹೇಳುವುದು?

ಅಜ್ಜಿ ನನ್ನ ಮುಖ ನೋಡಿದರು. "ಹೇಳಮ್ಮ, ಈ ಮಂಚ ಹೊಸದಲ್ಲ ಅಂತ ನನಗೂ ಗೊತ್ತು. ಕೂತುಕೊಳ್ಳಿ."

ಆವತ್ತು ಕೂತ ಕಡೆಯೇ ಕುರ್ಚಿ ಎಳೆದು ಕೂತೆ. ಹೊಗೆಕೊಳವೆ ಹಾಗೇ ಇತ್ತು. ಗಾರ್ಗಿ ಫೋನನ್ನು ನನ್ನ ಕಣ್ಣಿನ ಮಟ್ಟಕ್ಕೆ ಹಿಡಿದು ಹೋದ ವರ್ಷದ ಆಗಸ್ಟ್ ಹನ್ನೆರಡು ಹಾಕಿದಳು. ಹಗಲಿನ ಕಿಟಕಿಯ ಮೇಲೆ ಎರಡು ಚುಕ್ಕಿ ಮೂಡಿದವು. ಆಮೇಲೆ ಅವಳು ಮಾಡಿದ್ದು ನನಗೆ ಹೊಳೆದಿರಲಿಲ್ಲ. ಫೋನಿನ ಮೂಲೆಯಲ್ಲಿ ಗಂಟೆ ತೋರಿಸುವ ಜಾಗದ ಮೇಲೆ ಹೆಬ್ಬೆರಳು ಇಟ್ಟುಬಿಟ್ಟಳು.

"ನೀನು ನೋಡಬಾರದು. ನಾನೂ ನೋಡಲ್ಲ. ಎಲ್ಲಿ ಅಂತ ಮಾತ್ರ ಹೇಳು."

ಇನ್ನೊಂದು ಕೈಯಿಂದ ಹೊತ್ತು ಸರಿಸುತ್ತ ಹೋದಳು. ಚುಕ್ಕಿಗಳು ಕೊಳವೆಯ ಹಿಂದಿನಿಂದ ಹತ್ತತೊಡಗಿದವು. ಅಜ್ಜಿಯೂ ದಿಂಬಿನಿಂದ ತಲೆ ಎತ್ತಿ ನೋಡುತ್ತಿದ್ದರು. ತುದಿ ಮುಟ್ಟಿದವು. ಇನ್ನೂ ಅಲ್ಲ. ಇನ್ನೂ ಸ್ವಲ್ಪ.

"ನಿಲ್ಲಿಸು."

"Sure?"

"ಇಲ್ಲೇ."

ಹೆಬ್ಬೆರಳು ತೆಗೆದಳು. ಮೂರು ಐವತ್ತೆರಡು.

ನಾಲ್ಕು ಹತ್ತರವರೆಗೆ ತದಿಗೆ. ಗಾರ್ಗಿಗೂ ಅದು ಬಾಯಿಪಾಠವಾಗಿತ್ತು ಎಂದು ಆಗ ಗೊತ್ತಾಯಿತು. ಅವಳು ಫೋನ್ ಇಳಿಸಿ ನನ್ನ ಹೆಗಲಿಗೆ ಹಣೆ ಒತ್ತಿದಳು. "ಅಮ್ಮ, ನಾನು ಬಂದಿದ್ದು ಐದು ಗಂಟೆಗೆ. ಅಷ್ಟು ಹೊತ್ತು ನೀನೊಬ್ಬಳೇ ಇದ್ದೆ."

"ಡಾಕ್ಟರು ಬಂದಿದ್ರಲ್ಲ."

"ಅದಲ್ಲ."

ಮಿಸೆಸ್ ಡೂಲಿ ಏನಾಯಿತು, ಗೆದ್ದಿರಾ ಎಂದು ಕೇಳಿದರು. ಹೂಂ ಎಂದೆ. ಹಾಗಾದರೆ ಪರದೆ ಸರಿಸಿ, ಬಿಸಿಲು ಕಣ್ಣಿಗೆ ಬೀಳುತ್ತಿದೆ ಎಂದರು.

ಜೂನ್ 29

ಬೆಳಿಗ್ಗೆಯೇ ಭಾವನಿಗೆ ಫೋನ್ ಮಾಡಿದೆ.

"ಭಾವ, ಇವರು ಹೋಗಿದ್ದು ತದಿಗೆ. ಚೌತಿ ಅಲ್ಲ. ಆಗಸ್ಟ್ ಮೂವತ್ತು, ಭಾನುವಾರ ಮಾಡಬೇಕು."

"ಯಾರಂದ್ರು?"

ಎಲ್ಲ ಹೇಳಿದೆ. ಕೊಳವೆ, ಚುಕ್ಕಿ, ಗಾರ್ಗಿಯ ಫೋನು.

"ಏನಮ್ಮ ಇದು! ಪಂಚಾಂಗ ನೋಡಿ ಹೇಳಿದೀನಿ ನಾನು. ಫೋನಿನಲ್ಲಿ ನಕ್ಷತ್ರ ನೋಡಿ ತಿಥಿ ತಿದ್ದೋಕೆ ನೀನೇನು ಜೋಯಿಸರ ಮಗಳಾ?"

"ಜೋಯಿಸರ ಮಗಳಲ್ಲ ಭಾವ. ನಿಮ್ಮ ತಮ್ಮನ ಹೆಂಡತಿ."

ಅವರು ಮಾತು ಎತ್ತುವ ಮೊದಲೇ ನಾನೇ ಮುಂದುವರಿಸಿದೆ.

"ನೀವು ನೋಡಿದ ಪಂಚಾಂಗ ಸರಿ. ನೋಡಿದ ಹೊತ್ತು ನಮ್ಮ ಫೋನ್ ಬಂದ ಹೊತ್ತು. ಅದು ನಿಮಗೆ ಗೊತ್ತಾದ ಹೊತ್ತು, ಅವರು ಹೋದ ಹೊತ್ತಲ್ಲ."

ಭಾವ ದನಿ ಇಳಿಸಿದರು. "ಆಯ್ತು, ಇರಲಿ. ಅಮ್ಮನಿಗೆ ಏನು ಹೇಳ್ಲಿ? ಐವತ್ತು ವರ್ಷ ಸಂಕಷ್ಟಿ ಉಪವಾಸ ಮಾಡಿದೋಳು. ಮಗ ಅದೇ ದಿನ ಹೋದ, ಗಣಪತಿ ಕರ್ಕೊಂಡ ಅಂತ ಅದೊಂದನ್ನೇ ಹಿಡ್ಕೊಂಡು ಕೂತಿದಾಳೆ. ಅದನ್ನ ಕಿತ್ಕೊಳ್ಳೋದು ನನ್ನ ಕೈಲಾಗಲ್ಲ. ಬೇಕಾದ್ರೆ ನೀನೇ ಹೇಳು."

ಜುಲೈ 5

ಹೇಳಲಿಲ್ಲ.

ಕೆಸ್ಲರನ್ನು ಕೇಳಿದೆ, ಮುದುಕಿಯ ಸಮಾಧಾನ ದೊಡ್ಡದೋ, ದಿನ ದೊಡ್ಡದೋ ಎಂದು. ಅವರು ಎಸ್ತರಳ ಮಾತಿಗೆ ತಿರುಗಿದರು. ಎಸ್ತರ್ ಮುಂದಿನ ತಿಂಗಳು ಬರುತ್ತಾಳಂತೆ, ಜಗಳವಿಲ್ಲದೆ ಏನು ಮಾತಾಡುವುದು ಎಂಬುದೇ ಅವರಿಗೀಗ ಚಿಂತೆ.

ಜುಲೈ 12, ಭಾನುವಾರ

ಇನ್ನು ತಳ್ಳಬಾರದು ಎಂದು ಸ್ನಾನ ಮಾಡಿ ಬಂದು ಫೋನ್ ಹಚ್ಚಿದೆ. ಭಾವನ ಮಗ ವಿನಾಯಕ ಎತ್ತಿ ಅತ್ತೆಯ ಮುಂದೆ ಹಿಡಿದ. ಎಂಬತ್ತೆಂಟು. ಕಿವಿ ಮಂದ, ಉಳಿದದ್ದೆಲ್ಲ ಚುರುಕು.

"ಅತ್ತೆ, ಇವರು ಹೋಗಿದ್ದು ಸಂಕಷ್ಟಿ ಹುಟ್ಟೋಕೆ ಮುಂಚೆ. ತದಿಗೆ ಇನ್ನೂ ಇತ್ತು. ನಾನೇ ನೋಡಿದ್ದು."

ಎರಡು ಸಲ ಹೇಳಬೇಕಾಯಿತು. ಮುಖ ಹಾಗೇ ಇತ್ತು. ನಾನು ಪರದೆಯನ್ನೇ ನೋಡುತ್ತ ಕೂತೆ.

"ತದಿಗೇನಾ? ನಿಜ ಹೇಳು."

"ನಿಜ ಅತ್ತೆ."

"ಹಾಗಾದ್ರೆ ಊಟ ಮಾಡಬಹುದಲ್ಲೇ!"

ನನಗೆ ಅರ್ಥವಾಗಲಿಲ್ಲ.

"ಅಲ್ಲ ಕಣೆ, ಸಂಕಷ್ಟಿ ದಿನ ನಾನು ಚಂದ್ರ ಬರೋವರೆಗೂ ತೊಟ್ಟು ನೀರು ಮುಟ್ಟಲ್ಲ. ಅವತ್ತೇ ಅವನ ತಿಥಿ ಬಂದ್ರೆ ಅವನ ಪ್ರಸಾದ ಹೇಗೆ ತಿನ್ನೋದು? ಉಪವಾಸ ಬಿಡ್ಲಾ, ಮಗನ ಪ್ರಸಾದ ಬಿಡ್ಲಾ? ವರ್ಷದಿಂದ ಅದೇ ಯೋಚನೆ. ಕೃಷ್ಣಪ್ರಸಾದನ್ನ ಕೇಳಿದ್ರೆ ಪುಣ್ಯದ ದಿನ, ಪುಣ್ಯದ ದಿನ ಅಂತ ಹಾಡ್ತಾನೆ. ಅವನಿಗೇನು, ಬೆಳಿಗ್ಗೆ ಎಂಟಕ್ಕೆ ಇಡ್ಲಿ ಬೇಕು."

ಹಿಂದಿನಿಂದ ಭಾವ "ಅಮ್ಮಾ" ಎಂದದ್ದು ಕೇಳಿಸಿತು.

"ನೀನು ಸುಮ್ನಿರೋ." ಆಮೇಲೆ ಫೋನಿಗೆ ಬಹಳ ಹತ್ತಿರ ಬಂದರು, ಹಣೆ ಮಾತ್ರ ಕಾಣುತ್ತಿತ್ತು. "ವೈದೇಹಿ. ನೀನು ಪಕ್ಕದಲ್ಲಿದ್ಯಲ್ಲ. ನರಳಿದ್ನಾ?"

ಇಷ್ಟು ದಿನದಲ್ಲಿ ಯಾರೂ ನನ್ನನ್ನು ಇದನ್ನು ಕೇಳಿರಲಿಲ್ಲ.

ಇಲ್ಲ ಎಂದೆ. ಕೊನೆಯ ರಾತ್ರಿ ಮೈಸೂರು ಪೇಟೆಯ ಯಾವುದೋ ಹೋಟೆಲಿನ ದೋಸೆಯ ಮಾತಾಡಿದ್ದು, ಕೈ ಬೆಚ್ಚಗಿದ್ದದ್ದು, ಉಸಿರು ಹೇಗೆ ನಿಧಾನವಾಯಿತು, ಎಲ್ಲ ಹೇಳಿದೆ. ಅತ್ತೆ ಹೂಂ, ಹೂಂ ಎನ್ನುತ್ತ ಕೇಳಿದರು. ಇಬ್ಬರೂ ಅತ್ತೆವು. ಗಾರ್ಗಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು ಎಂದು ಆಮೇಲೆ ನೋಡಿದೆ. ಒಂದು ಗಂಟೆ ಹಾಗೇ ಕಳೆದಿತ್ತು. ನಾನು ಅಷ್ಟು ಮಾತಾಡುವವಳಲ್ಲ.

ಆಗಸ್ಟ್ 12, ಬುಧವಾರ

ಇಂಗ್ಲಿಷ್ ತಾರೀಖಿಗೆ ಒಂದು ವರ್ಷ. ಭೀಮನ ಅಮಾವಾಸ್ಯೆಯೂ ಇವತ್ತೇ. ಗಂಡನ ಆಯುಸ್ಸಿಗೆ ಪೂಜೆ ಮಾಡುವ ದಿನ. ಸಂಜೆ ಸೂರ್ಯಗ್ರಹಣ ಬೇರೆ. ವಾಟ್ಸಾಪಿನಲ್ಲಿ ಗೆಳತಿಯರ ಅರಿಶಿನದ ದಾರದ ಫೋಟೋಗಳು ಬಂದವು. ನೋಡಿದೆ. ಎಲ್ಲರಿಗೂ ಒಳ್ಳೆಯದಾಗಲಿ ಎಂದು ಬರೆದೆ.

ಬೀದಿಯಲ್ಲಿ ಜನ ಕಪ್ಪು ಕನ್ನಡಕ ಹಾಕಿಕೊಂಡು ನಿಂತಿದ್ದರು. ಹಗಲು ಬೂದಿಯ ಬಣ್ಣಕ್ಕೆ ತಿರುಗಿತು. ನಮ್ಮಲ್ಲಿ ನೋಡಬಾರದು ಎನ್ನುತ್ತಾರೆ. ಕೆಸ್ಲರ್ ಕೊಟ್ಟ ಕನ್ನಡಕ ಹಾಕಿಕೊಂಡು ಪೂರ್ತಿ ನೋಡಿದೆ.

ಆಗಸ್ಟ್ 22, ಶನಿವಾರ

ಭಾವ ಫೋನ್ ಮಾಡಿ, ಶ್ರೀರಂಗಪಟ್ಟಣದ ಪುರೋಹಿತರಿಗೆ ಮೂವತ್ತರ ಭಾನುವಾರಕ್ಕೆ ಹೇಳಿದ್ದೇನೆ ಎಂದರು. "ವಿನಾಯಕ ರಜ ಹಾಕೋದು ಉಳೀತು," ಎಂದೂ ಸೇರಿಸಿದರು. ತದಿಗೆ ಎಂಬ ಮಾತು ಅವರ ಬಾಯಲ್ಲಿ ಬರಲಿಲ್ಲ. ಪುರೋಹಿತರ ಕೆಲಸ ಮುಗಿಯುವ ತನಕ ಫೋನ್ ಹಿಡಿದಿರಬೇಕು, ನಾನು ನೋಡಬೇಕು ಎಂದೆ. ನದಿ ಹತ್ತಿರ ಸಿಗ್ನಲ್ ಇರಲ್ಲ ಎಂದರು. ಸಿಗ್ನಲ್ ಇರುವ ಕಡೆ ಕೂರಿಸಿ ಎಂದೆ.

ಈಲಿಂಗ್ ರೋಡಿನಲ್ಲಿ ಬಾಳೆ ಎಲೆ, ಕರಿ ಎಳ್ಳು, ಉದ್ದಿನಬೇಳೆ ತಂದೆ. ಸೋಮವಾರ ಶಾಲೆಯ ಹೆಡ್‌ಗೆ ಫೋನ್ ಮಾಡಿ ಸೆಪ್ಟೆಂಬರಿನಿಂದ ಪೂರ್ತಿ ದಿನ ಬರುತ್ತೇನೆ ಎಂದು ಹೇಳಬೇಕು.

ಆಗಸ್ಟ್ 30, ಭಾನುವಾರ

ಇಲ್ಲಿ ಬೆಳಗಾಗುವ ಹೊತ್ತಿಗೆ ಅಲ್ಲಿ ಹತ್ತು ದಾಟಿತ್ತು. ಗಾರ್ಗಿ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ನಿಲ್ಲಿಸಿದಳು. ಕಾವೇರಿ ಒಂದು ಚೂರು ಕಾಣುತ್ತಿತ್ತು. ವಿನಾಯಕ ಒದ್ದೆ ಪಂಚೆಯಲ್ಲಿ ಕೂತಿದ್ದ. ಪಕ್ಕದಲ್ಲಿ ಭಾವ. ಹಿಂದೆ ಕುರ್ಚಿಯಲ್ಲಿ ಅತ್ತೆ, ತಲೆಯ ಮೇಲೆ ಸೆರಗು.

ಪುರೋಹಿತರು ಸಂಕಲ್ಪ ಶುರು ಮಾಡಿ ನಡುವೆ ನಿಲ್ಲಿಸಿದರು. "ಸ್ವಾಮಿ, ಒಂದ್ನಿಮಿಷ. ಹೋದ ವರ್ಷ ಕರ್ಮಾಂತರಕ್ಕೆ ನೀವೇ ಚೌತಿ ಅಂದಿದ್ರಿ. ಅಂಗಾರಕ ಸಂಕಷ್ಟಿ ಅಂತ ಒತ್ತಿ ಹೇಳಿದ್ರಿ. ಇವತ್ತು ತದಿಗೆ ಅಲ್ವಾ?"

ವಿನಾಯಕ ಅಪ್ಪನ ಮುಖ ನೋಡಿದ. ನಾನು ಫೋನಿಗೆ ಬಗ್ಗಿದೆ, ಗಾರ್ಗಿ ನನ್ನ ಕೈ ಹಿಡಿದುಕೊಂಡಳು.

"ಅಂದಿದ್ದೆ," ಎಂದರು ಭಾವ. "ತದಿಗೆ. ಸರಿ ಮಾಡ್ಕೊಳ್ಳಿ."

"ಖಚಿತವಾ? ವರ್ಷ ವರ್ಷಕ್ಕೂ ಇದೇ ಆಗತ್ತೆ ಮುಂದೆ. ಯಾರು ಹೇಳಿದ್ದು?"

"ಅವನ ಹೆಂಡ್ತಿ. ಅವಳು ಪಕ್ಕದಲ್ಲಿದ್ಲು."

ಪುರೋಹಿತರು ತಲೆಯಾಡಿಸಿ ಮೊದಲಿನಿಂದ ಹೇಳತೊಡಗಿದರು. ಶ್ರಾವಣ ಮಾಸೇ, ಕೃಷ್ಣ ಪಕ್ಷೇ, ತೃತೀಯಾಯಾಂ. ವಿನಾಯಕ ಹಿಂದಿನಿಂದ ಹೇಳಿದ. ಗಾರ್ಗಿಯೂ ಮೆಲ್ಲಗೆ ಹೇಳಿದಳು, ಅರ್ಧ ಉಚ್ಚಾರ ತಪ್ಪಿ.

ನಾನು ಎದ್ದು ಇವರ ಎಲೆಗೆ ಅಕ್ಕಿ ತೊಳೆದೆ.